ಬೆನ್ನ ಮೇಲೆ ಮೂರು ಗೀಟು

ನಮ್ಮ ಯಜಮಾನರು ರೈಲ್ವೆಯಿಂದ ರಿಟೈರ್ ಆಗಿದ್ದಾರೆಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ! ರೈಲ್ವೆ ಇವರನ್ನು ಬಿಟ್ಟಿದೆ, ಅಷ್ಟೆ. ಇವರು ರೈಲ್ವೆಯನ್ನು ಬಿಟ್ಟಿಲ್ಲ.

ನಾವಿರುವ ಈ ತಮಿಳು ಸೀಮೆಯಲ್ಲೇ, ಪೆರಂಬೂರಿನ ವರ್ಕ್‌ಶಾಪಿನಲ್ಲಿ ಬೋಗಿ ತಪಾಸಣೆ ಮಾಡುತ್ತಿದ್ದವರು. ಚಕ್ರ ನೋಡಿದರೆ ಸೀಮೆಸುಣ್ಣದಲ್ಲಿ ಒಂದು ಗೀಟು, ಬ್ರೇಕ್ ನೋಡಿದರೆ ಇನ್ನೊಂದು. ಗೀಟು ಬೀಳದ ಬೋಗಿ ಹೊರಗೆ ಹೋಗುವಂತಿಲ್ಲ. ಈಗ ಬೋಗಿಗಳಿಲ್ಲ, ಮಕ್ಕಳಿದ್ದಾರೆ! ಮಗಳು ಎಗ್ಮೋರಿನ ಆಫೀಸಿಗೆ ಹೋಗುವಾಗ ಮೊಮ್ಮಗಳು ಪುಟ್ಟಿಯನ್ನು ನಮ್ಮಲ್ಲಿ ಬಿಡುತ್ತಾಳೆ. ಅದನ್ನು ನೋಡಿ ಅಕ್ಕಪಕ್ಕದವರೂ ತಮ್ಮ ಮಕ್ಕಳನ್ನು ತಂದುಬಿಟ್ಟರು. ಒಟ್ಟು ಐದು! ನನ್ನ ಸಂಭ್ರಮ ಕೇಳಬೇಕೆ?

ಇವರು ಶುರುಮಾಡಿದ್ದೇನು ಗೊತ್ತೆ? ಉಂಡ ಮಗುವಿನ ಅಂಗಿಯ ಬೆನ್ನಿಗೆ ಒಂದು ಗೀಟು. ಕೈಬಾಯಿ ತೊಳೆದರೆ ಎರಡನೆಯದು. ನಿದ್ದೆ ಮಾಡಿದರೆ ಮೂರನೆಯದು. ಒಂದು ಸಂಜೆ ಒಬ್ಬ ತಾಯಿ ಬಂದು ಬಾಗಿಲಲ್ಲಿ ನಿಂತರೆ, ಎರಡೇ ಗೀಟಿದೆ, ನಿದ್ದೆ ಬಾಕಿ ಎಂದು ಅರ್ಧ ಗಂಟೆ ಕಾಯಿಸಿದರು ಪುಣ್ಯಾತ್ಮ!

ಪುಟ್ಟಿ ಇವರ ಮೊಮ್ಮಗಳಲ್ಲವೆ? ಬೆನ್ನನ್ನು ಗೋಡೆಗೆ ಉಜ್ಜಿ ಗೀಟು ಅಳಿಸಿಕೊಂಡು ಬರುತ್ತಿದ್ದಳು. “ಪಾಟಿ, ನಾನ್ ಇನ್ನುಂ ಸಾಪ್ಪಿಡಲೇ! ಇನ್ನೂ ಉಂಡಿಲ್ಲ ಅಜ್ಜಿ! ಬಾಳೆಹಣ್ಣು ಕೊಡು!”

ಹೀಗಿರುವಾಗ ಮಗಳು ಸುದ್ದಿ ತಂದಳು. ಮನೆಯಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವವರೂ ಸರ್ಕಾರದ ಪರವಾನಗಿ ತೆಗೆದುಕೊಳ್ಳಬೇಕಂತೆ. ಅಧಿಕಾರಿ ಬಂದು ನೋಡಿ ಒಪ್ಪಿದರೆ ತರಬೇತಿ, ಆಟದ ಸಾಮಾನು, ಔಷಧಿ ಪೆಟ್ಟಿಗೆ. ಒಪ್ಪದಿದ್ದರೆ ಮಕ್ಕಳು ವಾಪಸ್. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ತಮಿಳು ಮಾತಾಡುತ್ತೇನೆ, ಓದಲು ಬಾರದು. ಅರ್ಜಿಯನ್ನು ಇವರೇ ತುಂಬಿದರು, ಯಾರಿಗೂ ತೋರಿಸದೆ.

ಅಧಿಕಾರಿ ಬಂದರು. ಮೆರೂನ್ ಸೀರೆ, ಗಂಭೀರ ಮುಖ. ಅಡುಗೆಮನೆ, ಬಚ್ಚಲು, ಕಿಟಕಿಯ ಸರಳು ಎಲ್ಲ ನೋಡಿದರು. ಆಮೇಲೆ ಮಕ್ಕಳ ಬೆನ್ನು ಕಂಡಿತು.

“ಎನ್ನ ಸಾರ್ ಇದು, ಏನಿದೆಲ್ಲ? ರಿಜಿಸ್ಟರ್ ಎಲ್ಲಿ?”

ಇವರು ಎದೆಯುಬ್ಬಿಸಿ ತಮಿಳಿನಲ್ಲಿ ವಿವರಿಸಿದರು: ರಿಜಿಸ್ಟರ್ ಕಳೆದುಹೋಗಬಹುದು ಮೇಡಂ, ಮಗು ಕಳೆದುಹೋಗುತ್ತದೆಯೆ?

ಮುಗಿಯಿತು ಕಥೆ ಅಂದುಕೊಂಡೆ! ಗಾಬರಿಯಲ್ಲಿ ಎರಡು ಇಡ್ಲಿ ಕೊಟ್ಟೆ. ತಿಂದರು, ಕೈ ತೊಳೆದರು, ಹೊರಟೇಬಿಟ್ಟರು. ಮೆಟ್ಟಿಲಿಳಿಯುವಾಗ ನೋಡುತ್ತೇನೆ, ಸೀರೆಯ ಬೆನ್ನ ಮೇಲೆ ಎರಡು ಗೀಟು! ಪುಟ್ಟಿಯ ಕೈಯಲ್ಲಿ ಸೀಮೆಸುಣ್ಣ!

“ಅಯ್ಯೋ, ಹೋಗಿ ಹೇಳ್ರೀ ಅವರಿಗೆ!”

“ಹೇಳೋದೇನಿದೆಯೇ? ಸರಿಯಾಗೇ ಹಾಕಿದಾಳೆ. ತಿಂದರು, ತೊಳೆದರು. ನಿದ್ದೆ ಮಾಡ್ಲಿಲ್ಲ.”

ಎಂಟು ದಿನ ಇವರೊಡನೆ ಮಾತು ಬಿಟ್ಟೆ. ಒಂಬತ್ತನೆಯ ದಿನ ಮಗಳು ಕಾಗದ ಹಿಡಿದು ಬಂದಳು. ಪರವಾನಗಿ! ಜೊತೆಗೊಂದು ಷರತ್ತು: ರಿಜಿಸ್ಟರ್ ಇಡಬೇಕು, ಮಕ್ಕಳ ಮೇಲಾಗಲಿ, ತಪಾಸಣೆಗೆ ಬಂದವರ ಮೇಲಾಗಲಿ ಗುರುತು ಹಾಕಕೂಡದು. ನಾನು ಪುಟ್ಟಿಯನ್ನೆತ್ತಿ ಕುಣಿದೇಬಿಟ್ಟೆ, ಮಂಡಿನೋವು ಎಲ್ಲಿ ಹೋಯಿತೋ!

“ಅಮ್ಮಾ, ಇದು ನಿನ್ನ ಹೆಸರಲ್ಲಿದೆ” ಎಂದಳು ಮಗಳು.

“ನನ್ನ ಹೆಸರಲ್ಲಾ? ಸರ್ಕಾರದ ಕಾಗದಾನಾ?”

“ಅಪ್ಪ ಅರ್ಜಿಯಲ್ಲಿ ನಿನ್ನನ್ನೇ ಹಾಕಿದಾರೆ. ತಾವು ಬರೀ ಸಹಾಯಕ.” ಜೊತೆಗಿದ್ದ ಅರ್ಜಿಯ ಪ್ರತಿಯನ್ನು ಬಿಡಿಸಿ ಓದಿದಳು. “ಅನುಭವ ಅನ್ನೋ ಕಡೆ ಬರೆದಿದಾರೆ: ‘ಮೂವತ್ತೆಂಟು ವರ್ಷದಿಂದ ನನ್ನನ್ನು ನೋಡಿಕೊಳ್ಳುತ್ತಿದ್ದಾಳೆ. ಇನ್ನೂ ಒಂದು ದಿನವೂ ಉಪವಾಸ ಮಲಗಿಸಿಲ್ಲ.’”

ಇವರನ್ನು ಹುಡುಕಿಕೊಂಡು ಒಳಗೆ ಹೋದೆ. ವರ್ಕ್‌ಶಾಪಿನ ಹಳೆಯ ನೀಲಿ ಶರ್ಟಿನಲ್ಲಿ, ಮಕ್ಕಳ ಸಾಲಿನ ಕೊನೆಯಲ್ಲಿ, ಚಾಪೆಯ ಮೇಲೆ ಮಗ್ಗುಲಾಗಿ ನಿದ್ದೆ ಹೋಗಿದ್ದರು. ಷರತ್ತು ನೆನಪಿತ್ತು. ಆದರೂ ಪುಟ್ಟಿಯ ಸೀಮೆಸುಣ್ಣ ತೆಗೆದುಕೊಂಡು, ಎಚ್ಚರವಾಗದಂತೆ, ಆ ಬೆನ್ನ ಮೇಲೆ ಮೆಲ್ಲಗೆ ಮೂರೂ ಗೀಟು ಎಳೆದೆ.