ಅರಿಶಿನ ಹಚ್ಚಿದ ಪ್ರಬಂಧ

ಎಲ್ಲ ರಗಳೆಗೂ ಮೂಲ ಸೇತುಮಾಧವ ತಾಯಿಯ ಮುಂದೆ ಆಡಿದ ಒಂದೇ ಒಂದು ಮಾತು.

ಆದವಾನಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಅವನು, ಹತ್ತಿಬೀಜದ ಹೊಟ್ಟನ್ನು ಸುಟ್ಟ ಬೂದಿಯಿಂದ ಬೆಂಕಿಗೆ ಬಿರಿಯದ ಇಟ್ಟಿಗೆ ಮಾಡುವುದು ಹೇಗೆಂದು ಹನ್ನೊಂದು ವರ್ಷ ತಲೆ ಕೆಡಿಸಿಕೊಂಡು ಒಂಬತ್ತು ಪ್ರಬಂಧ ಬರೆದಿದ್ದ. ಪಾಪ, ಅವುಗಳಲ್ಲಿ ಒಂದನ್ನೂ ಜಗತ್ತಿನ ಯಾವ ವಿದ್ವಾಂಸನೂ ತನ್ನ ಬರಹದಲ್ಲಿ ಉಲ್ಲೇಖಿಸಿರಲಿಲ್ಲ. ಈಗ ರೀಡರ್ ಹುದ್ದೆ ಖಾಲಿಯಾಗಿತ್ತು. ಉಲ್ಲೇಖಗಳ ಲೆಕ್ಕ ಕೇಳಲು ವಿಶ್ವವಿದ್ಯಾಲಯದಿಂದ ವಾಸುದೇವಾಚಾರ್ಯರೆಂಬ ಪ್ರೊಫೆಸರು ಬರುವವರಿದ್ದರು.

ಅವರು ಬರುವ ಹಿಂದಿನ ಸಂಜೆಯಷ್ಟೇ ಹೊಸ ಪ್ರಬಂಧದ ಇಪ್ಪತ್ತೈದು ಅಚ್ಚಿನ ಪ್ರತಿಗಳು ಪರದೇಶದಿಂದ ಟಪಾಲಿನಲ್ಲಿ ಬಂದಿದ್ದವು.

"ಇವು ಎಷ್ಟು ಮಂದಿ ಕೈ ಸೇರ್ತಾವೋ ಅಷ್ಟು ಛಲೋ ಅಮ್ಮಾ. ನಾಕು ಮಂದಿ ನನ್ನ ಹೆಸರು ಎತ್ತಿದರ ಪ್ರಮೋಷನ್ ಸಿಗ್ತದ" ಎಂದು ಹೇಳಿ ಸೇತುಮಾಧವ ಮಲಗಿದ್ದ. ಬೆಳಿಗ್ಗೆ ಆರಕ್ಕೇ ಆಚಾರ್ಯರನ್ನು ಕರೆತರಲು ಸ್ಟೇಷನ್ನಿಗೆ ಹೋದ.

ಮಗನ ಹೆಸರು ಅಚ್ಚಾದ ಕಾಗದವನ್ನು ಬೋಳಾಗಿ ಕೊಡಲು ಕಾವೇರಿಬಾಯಿಗೆ ಮನಸ್ಸು ಬರಲಿಲ್ಲ. ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ, ಮಂತ್ರಾಕ್ಷತೆ ಇಟ್ಟು, ಓಣಿಯ ಮನೆಮನೆಗೂ ಹಂಚಿ ಬಂದರು.

ಓಣಿಯಲ್ಲಿ ಇಂಗ್ಲಿಷ್ ಬಲ್ಲವನೆಂದರೆ ರೈಲ್ವೆಯಲ್ಲಿ ಟಿಕೀಟು ಕೊಟ್ಟು ನಿವೃತ್ತನಾದ ರಾಘಣ್ಣ ಒಬ್ಬನೇ. ಹೂ ಮಾರುವ ಬಸವಕ್ಕ ಕಾಗದ ಹಿಡಿದು ಅವನ ಮುಂದೆ ನಿಂತಳು. ರಾಘಣ್ಣ ಕನ್ನಡಕ ಏರಿಸಿದ.

"ತಾರೀಖು ಇಪ್ಪತ್ತೆರಡು ನವೆಂಬರ್. ಇವತ್ತೇ ಅದ! ಇಸವಿ ಹೋದ ವರ್ಷದ್ದು ಬಿದ್ದದ. ಅಚ್ಚಿನವರ ಗಡಬಡಿ."

"ಏನ್ ಕಾರ್ಯ ಅಂತ ಬರದಾರ್ರಿ?"

"ಇಟ್ಟಂಗಿ ಅಂತ ಅದ ನೋಡು. ಅಂದರ ಗೃಹಪ್ರವೇಶ."

ಆ ತಾರೀಖು ಹೋದ ವರ್ಷ ಪ್ರಬಂಧವು ಪತ್ರಿಕೆಯ ಕಚೇರಿಗೆ ತಲುಪಿದ ದಿನದ್ದೆಂದು ರಾಘಣ್ಣನಿಗೆ ಹೇಳುವವರು ಯಾರು?

ಅತ್ತ ಕಾಲೇಜಿನಲ್ಲಿ ಆಚಾರ್ಯರು ಒಂದೇ ಪ್ರಶ್ನೆ ಕೇಳಿದರು. "ಉಲ್ಲೇಖ ಎಷ್ಟು?"

"ಇನ್ನೂ... ಇಲ್ಲ ಸರ್."

ಆಚಾರ್ಯರು ಹಾಳೆಯ ಮೇಲೆ ದೋಸೆಯಷ್ಟು ದುಂಡಗೆ ಸೊನ್ನೆ ಬರೆದರು. ಅವರು ಹೋಟೆಲಿನಲ್ಲಿ ಉಣ್ಣುವವರಲ್ಲವಾದ್ದರಿಂದ ಮಧ್ಯಾಹ್ನದ ಊಟ ಸೇತುಮಾಧವನ ಮನೆಯಲ್ಲೇ ಗೊತ್ತಾಗಿತ್ತು. ಅಮ್ಮನ ಕೈಯ ಕಡಲೆಬೇಳೆ-ಬೆಲ್ಲದ ಹಯಗ್ರೀವ ತಿಂದಾದರೂ ಸೊನ್ನೆಯ ಹಿಂದೆ ಒಂದಂಕಿ ಹಾಕಿಯಾರು ಎಂಬ ಆಸೆ ಅವನದು.

ಆಚಾರ್ಯರೊಂದಿಗೆ ಓಣಿ ತಿರುಗಿದವನೇ ಸೇತುಮಾಧವ ಗಕ್ಕನೆ ನಿಂತ. ಮನೆಯ ಕಟ್ಟೆಯ ಮೇಲೆ, ಬೀದಿಯಲ್ಲಿ, ಬೇವಿನ ಮರದ ಕೆಳಗೆ ಜನವೋ ಜನ. ಒಗೆದ ಬಟ್ಟೆ ಉಟ್ಟು, ಕೆಲವರು ಮುಯ್ಯಿಗೆಂದು ತೆಂಗಿನಕಾಯಿ, ಟವೆಲ್ ಹಿಡಿದು ಕುಳಿತಿದ್ದರು. ಮನೆಗೊಂದರಂತೆ ಅವನ ಪ್ರಬಂಧವೂ ಅವರ ಕೈಯಲ್ಲಿತ್ತು.

ಆಚಾರ್ಯರನ್ನು ಅಲ್ಲೇ ಬಿಟ್ಟು ಅವನು ಹಿತ್ತಲಿಗೆ ಓಡಿದ. ಹಿತ್ತಲ ಬಾಗಿಲಲ್ಲಿ ತಾಯಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. "ನಾ ಕಾಗದ ಅಷ್ಟೇ ಹಂಚೀನೋ ಸೇತೂ, ಊಟಕ್ಕ ಕರದಿಲ್ಲೋ! ಅಡಿಗಿ ನಾಕು ಮಂದೀಗೆ ಅದ!" ಎಂದವರೇ ಸಾರಿಗೆ ಒಂದು ಕೊಡ ನೀರು ಸುರಿದರು.

ಅವನು ಮರಳುವಷ್ಟರಲ್ಲಿ ಆಚಾರ್ಯರು ಕಟ್ಟೆಯ ಬಳಿ ಬಸವಕ್ಕನ ಕೈಯ ಕಾಗದ ನೋಡಿ ಬೆರಗಾಗಿ ನಿಂತಿದ್ದರು. "ಏನಮ್ಮಾ, ಈ ಕಾಗದದೊಳಗ ಏನದ ಅಂತ ನಿನಗ ಗೊತ್ತದ ಏನು?"

"ಗೊತ್ತಿಲ್ದ ಏನ್ ಸ್ವಾಮೀ? ಇಟ್ಟಂಗಿ ವಿಷ್ಯ," ಎಂದಳು ಬಸವಕ್ಕ. "ಓಣಿಗೆಲ್ಲಾ ಗೊತ್ತೈತಿ. ಅದಕ್ಕ ಯಾಪಾರ ಬಿಟ್ಟು ಬಂದೀನಿ."

"ಅವುನವುನು," ಎಂದು ತೆಲುಗಿನಲ್ಲೇ ಹೌದೆಂದ ಹತ್ತಿ ಜಿನ್ನಿನ ಕೂಲಿ ಯರ್ರೆಪ್ಪ. "ನಾನೂ ಅರ್ಧ ದಿನ ರಜಾ ಹಾಕೀನ್ರಿ."

"ನನ್ನ ಪ್ರಬಂಧ ನನ್ನ ಶಿಷ್ಯರೇ ಓದಂಗಿಲ್ಲ!" ಎಂದು ಆಚಾರ್ಯರು ಸೇತುಮಾಧವನ ಭುಜ ತಟ್ಟಿದರು. "ನೀವು ಹೂವಿನಾಕಿಗೂ ಓದಿಸೀರಿ!"

ನಿಜ ಹೇಳಲು ಸೇತುಮಾಧವ ಬಾಯಿ ತೆರೆದ. ಕಣ್ಣ ಮುಂದೆ ರೀಡರ್ ಹುದ್ದೆ ತೂಗಾಡಿತು. ಬಾಯಿ ಮುಚ್ಚಿಕೊಂಡ. ಆಚಾರ್ಯರಿಗೆ ಮೂರು ಸಲ ಹಯಗ್ರೀವ ಬಡಿಸಿದ್ದಾಯಿತು. ಓಣಿಯವರು ನೀರುಸಾರು ಉಂಡು, ಹೊಸ ಮನೆ ಎಲ್ಲೆಂದು ಹುಡುಕುತ್ತ ಹೋದರು.

ಸಂಜೆ ಐದಕ್ಕೆ ಕಾಲೇಜಿನಲ್ಲಿ ಪ್ರಿನ್ಸಿಪಾಲರು ಆಚಾರ್ಯರ ವರದಿಯ ಟೈಪು ಮಾಡಿದ ಹಾಳೆ ಕೊಟ್ಟರು. ಸೇತುಮಾಧವ ಓದಿದ. 'ಉಲ್ಲೇಖ ಸೊನ್ನೆಯಾದ್ದರಿಂದ ರೀಡರ್ ಹುದ್ದೆಗೆ ಅರ್ಹರಲ್ಲ. ಆದರೆ ಅಕ್ಷರ ಬಾರದವರಿಗೂ ಇಂಗ್ಲಿಷ್ ಪ್ರಬಂಧ ತಿಳಿಸಬಲ್ಲ ಇಂಥವರು ಪ್ರಯೋಗಶಾಲೆಯಲ್ಲಿ ಕೊಳೆಯಬಾರದು. ಸೋಮವಾರದಿಂದ ಚಿಪ್ಪಗಿರಿಯ ವಯಸ್ಕರ ಶಿಕ್ಷಣ ಕೇಂದ್ರಕ್ಕೆ ಕಳಿಸತಕ್ಕದ್ದು.' ಕೆಳಗೆ ಆಧಾರವೆಂದು ಅವನ ಪ್ರಬಂಧದ ಹೆಸರು, ಪತ್ರಿಕೆ, ಪುಟಸಂಖ್ಯೆ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ನಮೂದಿಸಿದ್ದರು.

ಹನ್ನೊಂದು ವರ್ಷಕ್ಕೆ ಅದೇ ಮೊದಲ ಉಲ್ಲೇಖ. ಅವನಿಗೆ ಅಳು ಬಂತು.

ಮನೆಯಲ್ಲಿ ಕಾವೇರಿಬಾಯಿ ಹಾಳೆ ಇಸಿದುಕೊಂಡರು. "ನೋಡು, ಒಬ್ಬರರೆ ನಿನ್ನ ಹೆಸರು ಬರದರಲ್ಲೋ!" ಎನ್ನುತ್ತ, ಅಭ್ಯಾಸಬಲದಿಂದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿಬಿಟ್ಟರು.

ಕಟ್ಟೆಯ ಮೇಲಿದ್ದ ರಾಘಣ್ಣ ಹಾಳೆ ಕಂಡೊಡನೆ ಕನ್ನಡಕ ಏರಿಸಿದ.

"ಸೋಮವಾರ, ಚಿಪ್ಪಗಿರಿ. ಆಗಲಿ, ಓಣಿಯವರೆಲ್ಲಾ ಬರ್ತೀವಿ. ಈ ಸಲ ಸಾರು ಒಂದೀಟು ಗಟ್ಟಿ ಇರಲಿ ಸೇತೂ!"