ನಿವ್ವಳ ಲಾಭದ ಅಳಿಯ

ಡಾಕ್ಟರು ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲೇ ನಾಲಿಗೆ ಚಾಚಿ ತೋರಿಸುವವರು ಗಂಟು ಬೀಳುತ್ತಾರೆ. ಲೆಕ್ಕಶಾಸ್ತ್ರ ಕಲಿಸುವ ನನಗೆ ಎಲ್ಲಿ ಹೋದರೂ ಕಂಪನಿಗಳ ಲಾಭ ಕೇಳುವವರು ಗಂಟು ಬೀಳುತ್ತಾರೆ. ಬಸ್ಸಿನಲ್ಲಿ, ಬಾಣಂತಿಯನ್ನು ನೋಡಲು ಹೋದಲ್ಲಿ, ಕೊನೆಗೆ ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಮಲಗಿದ್ದಾಗಲೂ ಬಿಡಲಿಲ್ಲ. "ಮೇಡಮ್ಮರ, ಈ ಸಲ ಯಾವ ಕಂಪನಿ ಮುಂದ ಐತ್ರಿ?" ಎಂದು ಹಲ್ಲಿನ ಡಾಕ್ಟರೇ ಕೇಳಿದ. ನನ್ನ ಬಾಯಲ್ಲಿ ಹತ್ತಿ ತುಂಬಿತ್ತು, ಅವನು ಬದುಕಿಕೊಂಡ.

ನಾನಿರುವುದು ಕೊಪ್ಪಳದಲ್ಲಿ, ಕಲಿಸುವುದು ಕುಷ್ಟಗಿಯ ಕಾಲೇಜಿನಲ್ಲಿ. ನನಗೆ ಸಿಟ್ಟು ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಜಾಸ್ತಿ. ಆದರೆ ಅದಕ್ಕೆ ಗೊಬ್ಬರ ಹಾಕಿ ಬೆಳೆಸಿದವನು ಗಂಗಾವತಿಯಲ್ಲಿ ಭತ್ತದ ದಲಾಲಿ ಅಂಗಡಿ ಇಟ್ಟಿರುವ ನನ್ನ ಅಣ್ಣ. ಅವನಿಗೆ ಒಬ್ಬಳೇ ಮಗಳು. ಸರಕಾರದ ಒಂದು ವಿಮಾ ಕಂಪನಿಯಲ್ಲಿ ಕೆಲಸ. ನನ್ನ ಮನೆಯಲ್ಲೇ ಇದ್ದುಕೊಂಡು ಹಳ್ಳಿ ಹಳ್ಳಿ ತಿರುಗಿ ದನಗಳ ವಿಮೆ ನೋಡಿಕೊಳ್ಳುತ್ತಾಳೆ. ಅವಳಿಗೆ ವರ ಹುಡುಕುವ ಹೊತ್ತು ಬಂದಾಗ ಅಣ್ಣ ಒಂದು ಶಪಥ ಮಾಡಿದ. ದೇಶದ ದೊಡ್ಡ ದೊಡ್ಡ ಕಂಪನಿಗಳನ್ನು ನಿವ್ವಳ ಲಾಭದ ಪ್ರಕಾರ ಸಾಲಾಗಿ ನಿಲ್ಲಿಸುವುದು, ಅದರಲ್ಲಿ ಮೇಲಿನ ಕಂಪನಿಯ ಹುಡುಗನಿಗೇ ಮಗಳನ್ನು ಕೊಡುವುದು.

"ಅಣ್ಣಾ, ಜಾತಕ ನೋಡೋರನ್ನ ನೋಡೀನಿ, ಹೊಲ ಮನಿ ನೋಡೋರನ್ನ ನೋಡೀನಿ. ಇದೇನಿದು?" ಎಂದೆ.

"ಜಾತಕ ಸುಳ್ಳು ಹೇಳತೈತಿ. ಹೊಲದ ಮ್ಯಾಲೆ ಸಾಲ ಇರತೈತಿ. ನಿವ್ವಳ ಲಾಭ ಅಂದ್ರ ಎಲ್ಲಾ ಖರ್ಚು ಕಳದು ಉಳದದ್ದು. ನೀನ ಕಲಸಿದ್ದಲ್ಲೇನು?" ಎಂದ.

ಹುಡುಗಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ನನ್ನ ಸಿಟ್ಟಿಗೆ ಬಿದ್ದ ಮೊದಲ ಗೊಬ್ಬರ ಅದೇ.

ಭಾವ ಬರೆಯುವ ಹಲಗೆ

ಅಣ್ಣನ ಅಂಗಡಿಯ ಬಾಗಿಲಲ್ಲಿ ಒಂದು ಕರಿ ಹಲಗೆ ಇದೆ. ದಿನಾ ಬೆಳಿಗ್ಗೆ ಅದರ ಮೇಲೆ ಯಾವ ಭತ್ತಕ್ಕೆ ಚೀಲಕ್ಕೆ ಎಷ್ಟು ಭಾವ, ಎಷ್ಟು ಬೆಲೆ ಎಂದು ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಾರೆ. ಒಂದು ದಿನ ನಾನು ಹೋದಾಗ ಹಲಗೆಯ ಮೇಲಿನ ಅರ್ಧವನ್ನು ಅಣ್ಣ ಒರೆಸಿ, ಅಲ್ಲಿ ಕಂಪನಿಗಳ ಸಾಲು ಬರೆದಿದ್ದ. ಕಂಪನಿಗಳ ಹೆಸರು ಇಂಗ್ಲಿಷಿನ ಮೂರು ಮೂರು ಅಕ್ಷರ, ಮುಂದೆ ಐದಂಕಿಯ ಲಾಭ. ಕೋಟಿ ಎಂದು ಬರೆಯುವುದನ್ನು ಮರೆತಿದ್ದ.

ನಮ್ಮ ಕಡೆ ಭತ್ತದ ತಳಿಗಳಿಗೂ ಇಂಗ್ಲಿಷಿನ ಮೂರು ಅಕ್ಷರಗಳೇ ಹೆಸರು. ಮರಳಿ ಎಂಬ ಹಳ್ಳಿಯ ರೈತನೊಬ್ಬ ಟ್ರ್ಯಾಕ್ಟರ್ ನಿಲ್ಲಿಸಿ ಬಂದವನು ಹಲಗೆ ನೋಡಿ ಅಲ್ಲೇ ನಿಂತುಬಿಟ್ಟ. ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಮತ್ತೆ ನೋಡಿದ.

"ಸಾವಕಾರ್ರ, ಈ ಮೊದಲನೇದು ಯಾವ ಬೀಜ್ರಿ? ಚೀಲಕ್ಕ ಇಷ್ಟು ಐತಿ?"

"ಅದು ಭತ್ತ ಅಲ್ಲೋ ಮಾರಾಯ, ಕಂಪನಿ!"

"ಕಂಪನೀದ ಇರ್ಲಿ ತಗೋರಿ. ನಮ್ಮ ಬೀಜದಂಗಡ್ಯಾಂವ ಇದರ ಸುದ್ದೀನ ಎತ್ತಿಲ್ಲ, ಎಂಥಾ ಕಳ್ಳ ಅದಾನ ನೋಡ್ರಿ. ಎಕರೆಕ್ಕ ಎಷ್ಟು ಚೀಲ ಬೀಳತಾವು?"

ಅಣ್ಣ ವಿವರಿಸಿದ. ಇದು ಬೆಳೆಯಲ್ಲ, ಮಾರಾಟವೂ ಅಲ್ಲ, ಎಲ್ಲ ಕಳೆದು ಉಳಿದ ಲಾಭ ಎಂದ. ರೈತ ಗಮನವಿಟ್ಟು ಕೇಳಿ, "ಅಂದ್ರ ಗೊಬ್ಬರ, ಔಷಧ, ಕೂಲಿ ಎಲ್ಲಾ ಕಳದ ಮ್ಯಾಲೂ ಇಷ್ಟು ಉಳೀತೈತಿ?" ಎಂದ.

"ಹೌದು."

"ಹಂಗಾರ ನನಗ ನಾಲ್ಕೆಕರೆಗೆ ಆಗುವಷ್ಟು ತರಸಿಬಿಡ್ರಿ."

ನಾನು ಅಂಗಡಿಯ ಒಳಗೆ ಹೋಗಿ ಚೀಲಗಳ ಹಿಂದೆ ನಿಂತು ನಕ್ಕು ಬಂದೆ. ಅಣ್ಣ ಹಲಗೆ ಒರೆಸಲಿಲ್ಲ. ಕೆಳಗೆ 'ಇದು ಬೀಜ ಅಲ್ಲ' ಎಂದು ಬರೆದ.

ಮೂರು ತಿಂಗಳ ಅಳಿಯ

ಸಾಲಿನಲ್ಲಿ ಎರಡನೆಯ ಕಂಪನಿಯ ಹುಡುಗನೊಬ್ಬ ಸಿಕ್ಕ. ತಾವರಗೇರಾದವನು. ಅಣ್ಣ ಮಾತುಕತೆಗೆ ದಿನ ಗೊತ್ತು ಮಾಡಿ, ಹಣ್ಣು-ಕಾಯಿ ತರಿಸಿ ಇಟ್ಟ. ಅಷ್ಟರಲ್ಲಿ ಕಂಪನಿಗಳ ಮೂರು ತಿಂಗಳ ಫಲಿತಾಂಶ ಬಂತು. ಎರಡನೆಯದು ನಾಲ್ಕಕ್ಕೆ ಇಳಿಯಿತು. ಅಣ್ಣ ತಾವರಗೇರಾಕ್ಕೆ ಫೋನು ಮಾಡಿ, "ಸದ್ಯಕ್ಕ ತಡೀರಿ, ಮುಂದಿನ ಮೂರು ತಿಂಗಳಿಗೆ ಏನಾಗತೈತಿ ನೋಡೂಣು" ಎಂದ.

ಹುಡುಗನ ತಾಯಿ ಗಾಬರಿಯಾಗಿ, "ಹುಡುಗಿಗೆ ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಕೇಳಿದಳಂತೆ.

ಅತ್ತಿಗೆ ಒಲೆಯ ಮುಂದಿನಿಂದಲೇ ಗುಡುಗಿದಳು. "ಲಗ್ನಾ ಆದ ಮ್ಯಾಲೆ ಕಂಪನಿ ಕೆಳಗ ಬಿದ್ರ ಏನ್ ಮಾಡಾವ್ರು? ತಾಳಿ ವಾಪಸ್ ಕೊಟ್ಟು ಬರ್ತೀರೇನು?"

ಅಣ್ಣ ನನ್ನ ಕಡೆ ತಿರುಗಿ ಹೊಸ ಹೆಸರು ಹೇಳಿದ. ಎಲ್ಲೋ ಕೆಳಗಿದ್ದ ಒಂದು ಕಂಪನಿ ಒಮ್ಮೆಲೇ ಎರಡನೆಯ ಜಾಗಕ್ಕೆ ಹಾರಿತ್ತು. ನನಗೆ ಅನುಮಾನ ಬಂದು ಲೆಕ್ಕಪತ್ರ ತೆಗೆದು ನೋಡಿದೆ. ಅವರು ಹಳೆಯ ಕಚೇರಿ, ಜಮೀನು ಮಾರಿದ್ದರು. ಬಂದ ದುಡ್ಡು ಲಾಭದಲ್ಲಿ ಸೇರಿತ್ತು. ವ್ಯಾಪಾರ ಮೊದಲಿಗಿಂತ ಸೊರಗಿತ್ತು.

"ಅಣ್ಣಾ, ಇದು ದುಡದ ಲಾಭ ಅಲ್ಲ, ಆಸ್ತಿ ಮಾರಿದ ಲಾಭ. ನೀ ನಾಳೆ ಈ ಅಂಗಡಿ ಮಾರಿದ್ರ ಈ ವರ್ಷ ನಿಂದೂ ಲಾಭ ಏರತೈತಿ. ಮುಂದಿನ ವರ್ಷ ಎಲ್ಲಿ ಕೂಡ್ತಿ?"

ಅಣ್ಣ ಯೋಚನೆಗೆ ಬಿದ್ದ. ಅರ್ಥವಾಯಿತು ಎಂದು ನನಗೂ ಸಮಾಧಾನವಾಯಿತು. ಒಂದು ಲೋಟ ಚಹಾ ಕುಡಿದು ಮುಗಿಸಿ ಅವನು ಮೆಲ್ಲಗೆ ಕೇಳಿದ:

"ಅಂಗಡಿ ಮಾರಿದ್ರ ನಾನು ಎಷ್ಟನೇ ನಂಬರಿಗೆ ಬರ್ತೀನಿ?"

ಸಾಬೂನಿನ ಪಾಲುದಾರರು

ತಲೆ ಕೆಟ್ಟು ಈ ಕಥೆಯನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ಹುಡುಗಿಯ ಬಾಳಿನ ಪ್ರಶ್ನೆ, ಯಾರಾದರೂ ಅಣ್ಣನಿಗೆ ಬುದ್ಧಿ ಹೇಳುವ ದಾರಿ ತೋರಿಸಿಯಾರು ಎಂಬ ಆಸೆ. ಇಬ್ಬರು ಗುರುಗಳು ರೊಟ್ಟಿ ಗಂಟು ಬಿಚ್ಚುತ್ತ ಕೇಳುತ್ತಿದ್ದರು. ಒಬ್ಬರು ಇತಿಹಾಸದವರು, ಇನ್ನೊಬ್ಬರು ಭೂಗೋಳದವರು. ವರ್ಷಗಳಿಂದ ಒಬ್ಬರ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇನ್ನೊಬ್ಬರ ರೊಟ್ಟಿಗೆ.

"ನಿಮ್ಮಣ್ಣಾರು ಮಾಡಿದ್ದು ತಪ್ಪು," ಎಂದರು ಇತಿಹಾಸದವರು. ನನ್ನ ಜೀವ ತಂಪಾಯಿತು. "ನಮ್ಮ ಕಂಪನೀನ ಐದನೇ ನಂಬರಿಗೆ ಹಾಕ್ಯಾರಲ್ರಿ! ಅದು ಮೂರನೇದಾಗಬೇಕು."

"ಮೂರನೇದು ನಮ್ಮ ಕಂಪನಿ," ಎಂದರು ಭೂಗೋಳದವರು.

ಮಾತು ಏರಿತು. ಲಾಭ ಇವರದು ಹೆಚ್ಚು, ಇಲ್ಲ, ಅವರದು ಹೆಚ್ಚು. ಹಿಂಡಿಯ ಡಬ್ಬಿ ಮುಚ್ಚಿತು. ಇಬ್ಬರೂ ಬೆನ್ನು ತಿರುಗಿಸಿ ಕುಳಿತು ಒಣ ರೊಟ್ಟಿ ತಿಂದರು.

ನಾನು ಕೇಳಿದೆ, "ಅಲ್ರಿ ಸರ್, ನಿಮ್ಮ ಕಂಪನಿ ನಿಮ್ಮ ಕಂಪನಿ ಅಂತೀರಿ. ಶೇರು ತಗೊಂಡೀರೇನು?"

"ಶೇರು ಇಲ್ರಿ. ನಾವು ಅವರ ಸಾಬೂನು ಹಚ್ಕೋತೀವಿ."

"ಮತ್ತ ನೀವ್ರೀ?"

"ನಾ ಅವರ ಬಂಕಿನಾಗ ಪೆಟ್ರೋಲ್ ಹಾಕಸ್ತೀನ್ರಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಆ ಲಾಭ ನಿಮ್ಮ ಕಿಸೆಯಿಂದ ಹೋದದ್ದು! ಕಿಸೆ ಕತ್ತರಿಸಿದವನ ಮನಿ ದೊಡ್ಡದು ಅಂತ ಹೊಡದಾಡ್ತೀರಲ್ಲ, ನಾಚಿಕಿ ಆಗೂದಿಲ್ಲೇನು?" ಎಂದು ಕೂಗಿದ್ದು ಪಕ್ಕದ ತರಗತಿಗೂ ಕೇಳಿಸಿತು. ಇಬ್ಬರೂ ತಲೆ ತಗ್ಗಿಸಿದರು.

ಮರುದಿನ ಇತಿಹಾಸದವರು ಒಂದು ದೊಡ್ಡ ಚೀಲ ಹಿಡಿದು ಬಂದರು. ಅದರ ತುಂಬ ಸಾಬೂನು. ಇಷ್ಟೊಂದು ಯಾಕೆ ಎಂದರೆ ಭೂಗೋಳದವರಿಗೆ ಕೇಳಿಸದಂತೆ ನನ್ನ ಕಿವಿಯ ಬಳಿ ಹೇಳಿದರು:

"ತಿಂಗಳ ಕೊನೀಗೆ ಮತ್ತ ಫಲಿತಾಂಶ ಬರತಾವಲ್ರಿ ಮೇಡಮ್ಮರ. ನಾವೂ ಒಂಚೂರು ದಬ್ಬಬೇಕು."

ಕರಿ ಸಂಡಿಗೆ

ವರ ಇನ್ನೂ ಗೊತ್ತಾಗಿರಲಿಲ್ಲ, ಆದರೆ ಮದುವೆಯ ಸಂಡಿಗೆ ಮಾತ್ರ ಶುರುವಾಗಿತ್ತು. ಗಂಗಾವತಿಯ ಅವರ ಮನೆಗೆ ಮಾಳಿಗೆ ಇಲ್ಲ. ಅತ್ತಿಗೆ ಅಕ್ಕಿ ಹಿಟ್ಟು ಹೊತ್ತುಕೊಂಡು ಕೊಪ್ಪಳದ ನನ್ನ ಮನೆಗೆ ಬಂದಳು. ಇಬ್ಬರೂ ಸೇರಿ ಮಾಳಿಗೆಯ ಮೇಲೆ ಬಿಳಿ ಪಂಚೆ ಹಾಸಿ ಸಂಡಿಗೆ ಇಟ್ಟೆವು. ಸಂಜೆಗೆ ಹೋಗಿ ನೋಡಿದರೆ ಪಂಚೆಯೂ ಕಪ್ಪು, ಸಂಡಿಗೆಯೂ ಕಪ್ಪು. ಊರ ಹೊರಗಿನ ಕಾರ್ಖಾನೆಯ ಚಿಮಣಿಯ ದೂಳು. ನಮಗೆ ಇದು ದಿನದ ಪಾಡು. ನೀರಿನ ತೊಟ್ಟಿ ಮುಚ್ಚಬೇಕು, ಬಟ್ಟೆ ಒಳಗೆ ಒಣಗಿಸಬೇಕು, ಕೆಮ್ಮಿದರೆ ಕರವಸ್ತ್ರ ನೋಡಬಾರದು. ಯಾರನ್ನು ಕೇಳಿದರೂ ಬರೆದು ಕೊಡಿ ಅನ್ನುತ್ತಾರೆ. ಬರೆದು ಬರೆದು ನನ್ನ ಕೈ ಬಿದ್ದುಹೋಗಿದೆ.

ಅಣ್ಣ ಮಾಳಿಗೆಗೆ ಬಂದು ಚಿಮಣಿಯನ್ನು ಕಣ್ತುಂಬ ನೋಡಿದ. ಅಲ್ಲೂ ಒಬ್ಬ ಹುಡುಗ ಇದ್ದಾನಂತೆ, ಎಂಜಿನಿಯರು.

"ಏನ ಅನ್ರಿ, ಈ ವರ್ಷ ಇವರ ನಿವ್ವಳ ಲಾಭ ಭಾಳ ಛಲೋ ಬಂದೈತಿ."

"ಬರದ ಏನ್ ಮಾಡೀತು?" ಎಂದೆ. "ದೂಳು ಹಿಡಿಯೋ ಖರ್ಚು ಅವರ ಲೆಕ್ಕದಾಗ ಇಲ್ಲ. ಅದನ್ನ ನಾವು ಕೆಮ್ಮಿ ಕೆಮ್ಮಿ ತುಂಬಾಕತ್ತೀವಿ."

ಅತ್ತಿಗೆ ಕಪ್ಪು ಸಂಡಿಗೆಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ರಾತ್ರಿ ಊಟಕ್ಕೆ ಅದೇ ಸಂಡಿಗೆ ಕರಿದು ಗಂಡನ ತಾಟಿಗೆ ಮಾತ್ರ ಬಡಿಸಿದಳು.

ಅಣ್ಣ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. "ಹೊತ್ತಿಸಿಬಿಟ್ಟಿಯಲ್ಲ ಇದನ್ನ?"

"ನಾ ಎಲ್ಲಿ ಹೊತ್ತಿಸೀನ್ರಿ? ಅಳಿಯಾರ ಕಂಪನ್ಯಾವರು ಮಸಾಲಿ ಹಾಕಿ ಕಳಿಸ್ಯಾರ. ಬೀಗರು ಕೊಟ್ಟದ್ದು, ಬಿಡಬಾರದು, ತಿನ್ರಿ."

ಎಂಜಿನಿಯರಿನ ಸುದ್ದಿ ಆ ತಾಟಿನಲ್ಲೇ ಮುಗಿಯಿತು.

ಮೊದಲನೇ ನಂಬರು

ಕೊನೆಗೂ ಸಾಲಿನ ತುದಿಯಲ್ಲಿದ್ದ ಕಂಪನಿಯ ಹುಡುಗನೇ ಸಿಕ್ಕ. ಯಲಬುರ್ಗಾದವರು. ಕನ್ಯಾ ನೋಡಲು ತಂದೆ, ತಾಯಿ, ಹುಡುಗ ಗಂಗಾವತಿಗೆ ಬಂದರು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಊರ ಅಗಸಿ ಬಾಗಿಲಿನವರೆಗೆ ಹೋಗಿ ಕರೆತಂದ. ಶಿರಾ, ಉಪ್ಪಿಟ್ಟು ಆಯಿತು. ಹುಡುಗಿ ಚಹಾ ತಂದಿಟ್ಟು ನನ್ನ ಪಕ್ಕದಲ್ಲಿ ಕುಳಿತಳು. ಹುಡುಗ ಒಳ್ಳೆಯವನಂತೆ ಕಂಡ, ಆದರೆ ಬಾಯಿ ಬಿಡಲಿಲ್ಲ. ಮಾತೆಲ್ಲ ಅವನ ತಂದೆಯದು.

"ಹುಡುಗಿ ಲಕ್ಷಣ ಅದಾಳ. ಕಲತಾಳ. ಮನೆತನ ಛಲೋ ಐತಿ," ಎಂದು ಆತ ಚಹಾ ಕೆಳಗಿಟ್ಟ. "ಆದ್ರ ಒಂದು ಮಾತು ತಪ್ಪು ತಿಳಕೋಬ್ಯಾಡ್ರಿ. ನಾವು ಎಲ್ಲಾ ವಿಚಾರ ಮಾಡೇ ಬಂದೀವಿ. ನಿಮ್ಮ ಹುಡುಗಿ ಕಂಪನಿ ಲುಕ್ಸಾನದಾಗ ಐತಲ್ರಿ?"

ಅಣ್ಣನ ಮುಖ ನೋಡಬೇಕಿತ್ತು. ಊರಿನವರ ಮಕ್ಕಳನ್ನೆಲ್ಲ ಅಳೆದ ಅಳತೆಗೋಲು ತನ್ನ ಮಗಳ ಮೇಲೆ ಬಿತ್ತು.

"ಎರಡೂ ಕಂಪನಿ ಪಕ್ಕಕ್ಕ ಇಟ್ಟು ನೋಡಿದ್ರ ಜೋಡಿ ಕೂಡೂದಿಲ್ರಿ," ಎಂದು ಆತ ಮುಂದುವರಿಸಿದ. "ನೌಕರಿ ಬಿಡಸ್ರಿ. ಇಲ್ಲಾ ಲಾಭದಾಗಿರೋ ಕಂಪನಿಗೆ ಹಚ್ಚರಿ."

ನನಗೆ ರಕ್ತ ನೆತ್ತಿಗೇರಿತು. ಏಳಲು ಹೊರಟೆ. ಹುಡುಗಿ ನನ್ನ ಮೊಣಕೈ ಒತ್ತಿ ಕೂರಿಸಿದಳು.

"ಮಾಮಾರ, ಎರಡು ತಿಂಗಳ ಹಿಂದ ಬೇವೂರಿಗೆ ಹೋಗಿದ್ನಿರಿ," ಎಂದಳು. "ಸಿಡ್ಲು ಹೊಡದು ಒಬ್ಬಾಕಿ ಎಮ್ಮಿ ಸತ್ತಿತ್ತು. ಮನಿಗೆಲ್ಲಾ ಅದೊಂದ ಎಮ್ಮಿ. ಕಿವ್ಯಾಗಿನ ವಿಮಾ ಬಿಲ್ಲೆ ನೋಡಿ, ಅರ್ಜಿ ಬರದು, ರೊಕ್ಕ ಮಂಜೂರು ಮಾಡಿಸಿದೆ. ಆಕಿ ಇನ್ನೊಂದು ಎಮ್ಮಿ ತಂದು ಕಟ್ಯಾಳ. ಅದು ನಮ್ಮ ಕಂಪನಿಗೆ ಲುಕ್ಸಾನ. ನಾನು ಮಾಡಿದ ಲುಕ್ಸಾನ. ನನಗೇನೂ ನಾಚಿಕಿ ಇಲ್ರಿ."

ಅವಳು ಹುಡುಗನ ಕಡೆ ತಿರುಗಿದಳು. "ನಿಮ್ಮದು ಮೊದಲನೇ ನಂಬರಿನ ಕಂಪನಿ. ಅಷ್ಟು ಲಾಭದಾಗ ನಿಮಗೇನು ಬಂತ್ರಿ?"

ಹುಡುಗ ಮೊದಲ ಸಲ ಬಾಯಿ ಬಿಟ್ಟ.

"ದೀಪಾವಳಿಗೆ ಒಂದು ಡಬ್ಬಿ ಸೋನ್‌ಪಾಪಡಿ ಕೊಟ್ಟಿದ್ರು."

ಅವನ ತಂದೆ ಕೆಮ್ಮಿದ. ಹುಡುಗ ನಿಲ್ಲಿಸಲಿಲ್ಲ, ಬಹಳ ದಿನ ತಡೆದುಕೊಂಡಿದ್ದನೆಂದು ಕಾಣುತ್ತದೆ. "ಖರೇ ಹೇಳಬೇಕಂದ್ರ ನಾ ಆ ಕಂಪನ್ಯಾಂವ ಅಲ್ರಿ. ಒಳಗ ಕೆಲಸ ಮಾಡತೀನಿ, ಆದ್ರ ಗುತ್ತೇದಾರನ ಕೈಯಾಗ. ಕಂಪನ್ಯಾವರಿಗೆ ಗೋಡಂಬಿ-ದ್ರಾಕ್ಷಿ ಕೊಟ್ರು. ನಮಗ ಸೋನ್‌ಪಾಪಡಿ. ಅಪ್ಪಾಗ ಇದನ್ನ ಹೇಳಬ್ಯಾಡ ಅಂದಿದ್ರು."

"ಯಾರಂದಿದ್ರು?" ಎಂದು ಅಣ್ಣ ಕೇಳಿದ.

"ಅವ್ವ," ಎಂದ ಹುಡುಗ. ಅವನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ತಂದೆ ಹೆಂಡತಿಯನ್ನೂ ಮಗನನ್ನೂ ನೋಡಿ, ಏನು ಮಾಡುವುದೆಂದು ತಿಳಿಯದೆ ನನ್ನ ಅಣ್ಣನ ಮುಖ ನೋಡಿದ. ಅಣ್ಣ ಅವನ ಮುಖ ನೋಡಿದ. ಇಬ್ಬರಿಗೂ ಹೇಳಲು ಒಂದು ಅಂಕಿಯೂ ಉಳಿದಿರಲಿಲ್ಲ.

ಆಗ, ಈ ಮದುವೆ ಮಾತು ಶುರುವಾದ ಮೇಲೆ ಮೊಟ್ಟಮೊದಲ ಬಾರಿಗೆ, ಅಣ್ಣ ಮಗಳ ಕಡೆ ತಿರುಗಿ, "ನೀ ಏನಂತೀಯವ್ವಾ?" ಎಂದು ಕೇಳಿದ.

ಇಷ್ಟು ಕೇಳಲು ಇವನಿಗೆ ಒಂದು ವರ್ಷ ಬೇಕಾಯಿತಲ್ಲ.

ಅವಳು ಸಾವಕಾಶವಾಗಿ ಎಲ್ಲರ ಚಹಾ ಲೋಟ ಒಟ್ಟು ಮಾಡುತ್ತ ಹೇಳಿದಳು. "ಹುಡುಗ ಅಡ್ಡಿಯಿಲ್ಲಪ್ಪಾ. ಖರೇ ಮಾತಾಡತಾರ. ಅವರ ಕೂಡ ಕುಂತು ಮಾತಾಡಿ ಹೇಳತೀನಿ. ಅವರವ್ವನೂ ಛಲೋ ಅದಾರ. ಅಂಜಿಕಿ ಇರೋದು ಒಂದ."

"ಏನದು?"

"ನೀನೂ ಈ ಮಾಮಾರೂ ಬೀಗರಾಗಿ ಒಂದ ಕಡೆ ಕುಂತ್ರ ಆಗೋ ಲುಕ್ಸಾನ ತುಂಬಿಕೊಡುವಂಥಾ ವಿಮಾ ನಮ್ಮ ಕಂಪನ್ಯಾಗ ಇಲ್ಲ."