ಹೊಂಗೆ ಮರದಡಿ ಜೋಡಿ ನಿದ್ದೆ

ಎರಡು ಖಂಡಗಳ ಹೆಂಗಸರು ಸೇರಿ ಮಾಡುವ ಕೆಲಸವನ್ನು ಒಬ್ಬನೇ ಗಂಡಸು ಅರ್ಧ ದಿನದಲ್ಲಿ ಮಾಡಿ ತೋರಿಸಬಲ್ಲ ಎಂದು ಕಳೆದ ಡಿಸೆಂಬರಿನ ಒಂದು ಶನಿವಾರ ನಾನು ಘೋಷಿಸಿದೆ. ಘೋಷಿಸಿದ್ದು ನನ್ನ ತಪ್ಪು. ಅದಕ್ಕೆ ಇಬ್ಬರೂ ತಕ್ಷಣ ಒಪ್ಪಿಬಿಟ್ಟದ್ದು ಅವರ ಸೇಡು!

ಯುರೋಪ್ ಖಂಡದ ಕಡೆಯಿಂದ ನನ್ನ ಹೆಂಡತಿ ಮೆಟ್ಟೆ. ಡೆನ್ಮಾರ್ಕಿನವಳು. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆ ಓದಲು ಮೈಸೂರಿಗೆ ಬಂದು, ನನ್ನ ಬಾಯಿ ಮುಚ್ಚಿಸುವ ವಿದ್ಯೆಯನ್ನೂ ಕಲಿತು ಇಲ್ಲೇ ಉಳಿದವಳು. ಏಷ್ಯಾ ಖಂಡದ ಕಡೆಯಿಂದ ನನ್ನ ತಾಯಿ ತಿಮ್ಮಮ್ಮ. "ಮೆಟ್ಟು ಅಂದ್ರೆ ಚಪ್ಲಿ ಅಲ್ವೇನೋ? ಸೊಸೇನ ಚಪ್ಲಿ ಅಂತ ಎಂಗ್ಲಾ ಕರೆಯೋದು?" ಎಂದು ಮದುವೆಯ ದಿನವೇ ಅವಳನ್ನು 'ಮುತ್ತು' ಮಾಡಿಕೊಂಡವರು. ಇವರಿಬ್ಬರ ನಡುವಿನ ಗಡಿ ವಿವಾದವೆಂದರೆ ಒಂದೂವರೆ ವರ್ಷದ ನಮ್ಮ ಅವಳಿಗಳು, ಮಾಯಾ ಮತ್ತು ನೀಲ್.

ಮೆಟ್ಟೆಯ ಊರಲ್ಲಿ ಮಕ್ಕಳನ್ನು ಹಗಲು ತಳ್ಳುಗಾಡಿಯಲ್ಲಿ ಹಾಕಿ ಮನೆಯ ಹೊರಗೆ ಮಲಗಿಸುತ್ತಾರೆ. ಹಿಮ ಬೀಳುತ್ತಿದ್ದರೂ! "ಹೊರಗಿನ ಗಾಳೀಲಿ ಮಕ್ಕಳು ಗಟ್ಟಿ ಆಗ್ತಾರೆ" ಎಂದು ಅವಳ ವಾದ. ನಮ್ಮಮ್ಮನ ಪ್ರಕಾರ ಫ್ಯಾನ್ ಗಾಳಿಯೇ ಯಮನ ಉಸಿರು. "ಗಟ್ಟಿ ಆಗಕ್ಕೆ ಅವೇನು ಕೊಬ್ರಿ ಮಿಠಾಯಾ?" ಎನ್ನುತ್ತ ಅವರು ಮಕ್ಕಳಿಗೆ ಸಾಂಬ್ರಾಣಿ ಹೊಗೆ ಕೊಟ್ಟು, ಮಂಕಿಕ್ಯಾಪ್ ತೊಡಿಸಿ, ಕಿಟಕಿ ಮುಚ್ಚುತ್ತಿದ್ದರು. ಮೆಟ್ಟೆ ಬಂದು ತೆಗೆಯುತ್ತಿದ್ದಳು. ಕೆಸರೆಯ ಈ ಬಾಡಿಗೆ ಮನೆಗೆ ಬಂದ ಹತ್ತು ದಿನಗಳಲ್ಲಿ ಆ ಕಿಟಕಿಯ ತಿರುಗಣಿ ಸವೆದುಹೋಗಿತ್ತು!

ಆ ಶನಿವಾರ ಮೆಟ್ಟೆಗೆ ತರಬೇತಿ ಶಿಬಿರ. ಅಮ್ಮನಿಗೆ ಇಲವಾಲದಲ್ಲಿ ತಂಗಿಯ ಮನೆ. "ನೀವಿಬ್ರೂ ನಿಶ್ಚಿಂತೆಯಾಗಿ ಹೋಗಿ. ಎರಡೂ ಸಂಸ್ಕೃತಿಗಳ ಸಾರ ಹಿಂಡಿ ಮಕ್ಕಳನ್ನ ನೋಡ್ಕೋತೀನಿ!" ಎಂದೆ.

"ಸಾರು ಬ್ಯಾಡ ಕಣಪ್ಪಾ, ಅನ್ನ ಹಾಲು ತಿನ್ಸು ಸಾಕು" ಎಂದು ಅಮ್ಮ ಹೊರಟರು.

ಹೇಳಿದಂತೆಯೇ ಮಾಡಿದೆ. ಅಮ್ಮನ ಪದ್ಧತಿಯಂತೆ ಇಬ್ಬರಿಗೂ ಮಂಕಿಕ್ಯಾಪು, ಕೆನ್ನೆಗೆ ರೂಪಾಯಿ ಅಗಲದ ದೃಷ್ಟಿಬೊಟ್ಟು. ಮೆಟ್ಟೆಯ ಪದ್ಧತಿಯಂತೆ ತಳ್ಳುಗಾಡಿಯಲ್ಲಿ ಬಯಲು ನಿದ್ದೆ. ನಮ್ಮ ಅಂಗಳವೆಂದರೆ ಒಂದು ತುಳಸಿ ಕುಂಡ, ಅದರ ಪಕ್ಕ ಉಸಿರು ಬಿಗಿಹಿಡಿದು ನಿಂತ ಒಂದು ಸ್ಕೂಟರ್. ಹಾಗಾಗಿ ಗೇಟಿನ ಹೊರಗೆ ಹೊಂಗೆ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಬ್ರೇಕ್ ಹಾಕಿ, ಎರಡು ಸಲ ಪರೀಕ್ಷಿಸಿದೆ. ಮಕ್ಕಳು ಎರಡೇ ನಿಮಿಷದಲ್ಲಿ ನಿದ್ದೆಹೋದರು. ಕಿಟಕಿಯಿಂದ ನೋಡಿದರೆ ಎಲ್ಲವೂ ಕಾಣುತ್ತಿತ್ತು. ಆಹಾ! ಪೂರ್ವ ಪಶ್ಚಿಮಗಳ ಮಿಲನ! ಸೋಫಾ ಮೇಲೆ ಕಾಲು ಚಾಚಿ ಕಾಫಿ ಹೀರತೊಡಗಿದೆ.

ಆಗ ಒಂದು ನೀರಿನ ಟ್ಯಾಂಕರ್ ಬಂದು ನಮ್ಮ ಕಿಟಕಿಗೂ ಮರಕ್ಕೂ ನಡುವೆ ನಿಂತಿತು. ಈಗ ಹೋಗುತ್ತದೆ ಎಂದುಕೊಂಡು ಫೋನ್ ಕೈಗೆತ್ತಿಕೊಂಡೆ. ಕಾಲು ಗಂಟೆ ಕಳೆದದ್ದೇ ತಿಳಿಯಲಿಲ್ಲ. ಹಾಳಾದದ್ದು, ಅಲ್ಲೇ ಎಡವಟ್ಟಾದದ್ದು!

ಬೀದಿಯ ವಾಟ್ಸಾಪ್ ಗುಂಪಿನಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಚನ್ನಬಸವಯ್ಯನವರ ಸಂದೇಶ: "ನಮ್ಮ ಬೀದಿಯಲ್ಲಿ ಯಾರೋ ಕಂದಮ್ಮಗಳನ್ನು ಬಿಟ್ಟು ಪರಾರಿ. ಪೊಲೀಸರಿಗೆ ತಿಳಿಸಲಾಗಿದೆ." ಕೆಳಗೊಂದು ಚಿತ್ರ. ಡೌನ್‌ಲೋಡ್ ಆಗದೆ ಮಂಜು ಮಂಜಾಗಿ ಚಕ್ರ ತಿರುಗುತ್ತಿತ್ತು. ಚಿತ್ರಕ್ಕೆ ಕಾಯುವ ತಾಳ್ಮೆ ಯಾರಿಗಿದೆ? ಹೊಸ ಬೀದಿಯಲ್ಲಿ ಹೆಸರು ಮಾಡುವ ಅವಕಾಶ! ಟೈಪಿಸಿಯೇ ಬಿಟ್ಟೆ: "ಇವರು ಹೆತ್ತವರೋ, ಹೆಬ್ಬುಲಿಗಳೋ? ಇಂಥವರನ್ನು ಕಂಬಕ್ಕೆ ಕಟ್ಟಬೇಕು! ಇಂತಿ ವಸಂತ್."

ಪಟಪಟನೆ ಹದಿನಾಲ್ಕು ಜನ ಹೆಬ್ಬೆರಳು ಎತ್ತಿದರು. ಎದೆಯುಬ್ಬಿತು. ಅಷ್ಟರಲ್ಲಿ ಚಕ್ರ ನಿಂತು ಚಿತ್ರ ಮೂಡಿತು. ಎರಡು ಮಂಕಿಕ್ಯಾಪು. ಎರಡು ದೃಷ್ಟಿಬೊಟ್ಟು.

ಕಾಫಿ ಲೋಟ ಎಲ್ಲಿ ಬಿತ್ತೋ, ನಾನೆಲ್ಲಿ ಎದ್ದೆನೋ! ಬರಿಗಾಲಲ್ಲಿ ಟ್ಯಾಂಕರ್ ಸುತ್ತಿ ಓಡಿದೆ. ಮರದಡಿ ಇಪ್ಪತ್ತು ಜನ. ಮಕ್ಕಳು ಗಾಡಿಯಲ್ಲಿಲ್ಲ! ಹಾಸ್ಯವಲ್ಲ, ಗಾಡಿಯ ಕೆಳಗೂ ಬಗ್ಗಿ ಹುಡುಕಿದೆ. ನೋಡಿದರೆ ಎದುರುಮನೆಯ ಭವ್ಯಶ್ರೀ ಎಂಬಾಕೆಯ ಎರಡೂ ಕಂಕುಳಲ್ಲಿ ಇಬ್ಬರೂ ಬಿಸ್ಕತ್ತು ಚೀಪುತ್ತಿದ್ದರು. ಪಕ್ಕದಲ್ಲಿ ಮಹಿಳಾ ಕಾನ್‌ಸ್ಟೇಬಲ್ ಅನುಪಮಾ, ನೋಟ್‌ಬುಕ್ ಸಮೇತ.

"ನನ್ ಮಕ್ಳು! ನನ್ ಮಕ್ಳು!" ಎಂದು ಏದುಸಿರು ಬಿಟ್ಟೆ.

ಎಲ್ಲರೂ ನನ್ನನ್ನು ನೋಡಿದರು. ಮಕ್ಕಳನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. ಮಕ್ಕಳು ತಾಯಿಯ ಹಾಗೆ ಹಾಲು. ನಾನು ಹದವಾಗಿ ಹುರಿದ ಕಾಫಿಬೀಜ.

"ನೀವು ವಸಂತ್ ಅಲ್ವೇ? ಈಗ್ತಾನೆ ಕಂಬಕ್ಕೆ ಕಟ್ಟಿ ಅಂತ ಬರೆದೋರು?" ಚನ್ನಬಸವಯ್ಯ ಕನ್ನಡಕ ಏರಿಸಿದರು. "ಕಂಬ ಇಲ್ಲೇ ಇದೆ."

"ಸಾರ್, ನಾನೇ ಅಪ್ಪ ಸಾರ್! ಇವರಮ್ಮ ಡೆನ್ಮಾರ್ಕಿನೋಳು!"

"ಹತ್ತು ದಿನದಿಂದ ಯಾವ ಮಕ್ಕಳನ್ನೂ ನೋಡಿಲ್ವಲ್ಲ ನಾವು?"

"ನೆಗಡಿ ಅಂತ ನಮ್ಮಮ್ಮ ಬಾಗಿಲು ದಾಟಿಸಿಲ್ಲ ಸಾರ್!"

"ಮನೇಲಿ ಅಜ್ಜಿ ಬಾಗಿಲು ದಾಟಿಸಲ್ಲ, ನೀವು ಬೀದೀಲಿ ಮಲಗಿಸ್ತೀರಿ. ಏನ್ರೀ ಇದು?" ಅನುಪಮಾ ಕೇಳಿದರು. "ಜೊತೇಲಿರೋ ಫೋಟೋ ತೋರಿಸಿ."

ಫೋನ್ ತೆಗೆದೆ. ಸಾವಿರದ ಇನ್ನೂರು ಫೋಟೋ! ಮಕ್ಕಳ ಜೊತೆ ಮೆಟ್ಟೆ, ಮಕ್ಕಳ ಜೊತೆ ಅಮ್ಮ, ಮಕ್ಕಳ ಜೊತೆ ಬೀದಿನಾಯಿ ಸಹ. ಒಂದರಲ್ಲೂ ನಾನಿಲ್ಲ. ಎಲ್ಲವನ್ನೂ ತೆಗೆದವನು ನಾನೇ! ಒಂದರಲ್ಲಿ ಮಾತ್ರ ನನ್ನ ಹೆಬ್ಬೆರಳು ಅಡ್ಡ ಬಂದಿತ್ತು. ಅದನ್ನು ತೋರಿಸಿದೆ. ಅವರು ಮುಖ ತಿರುಗಿಸಿದರು.

ಕೊನೆಯ ಅಸ್ತ್ರವಾಗಿ ಮಕ್ಕಳ ಮುಂದೆ ಮಂಡಿಯೂರಿದೆ. "ಮಾಯಾ, ನೀಲ್, ಹೇಳ್ರೋ, ನಾನ್ಯಾರು?"

ನೀಲ್ ನಕ್ಕು ಕೈಚಾಚಿ ಸ್ಪಷ್ಟವಾಗಿ, "ಫಾರ್! ಫಾರ್!" ಎಂದ.

"ಕೇಳಿದ್ರಾ?" ನಾನು ಕುಣಿದೆ.

"ಕೇಳಿದ್ವು" ಎಂದರು ಹೆಡ್‌ಮಾಸ್ಟರು. "ಫಾರ್ ಅಂದ್ರೆ ದೂರ. ಮಗು ದೂರ ಹೋಗು ಅಂತಿದೆ."

"ಅಯ್ಯೋ ಸಾರ್, ಡೇನಿಷ್‌ನಲ್ಲಿ ಫಾರ್ ಅಂದ್ರೆ ಅಪ್ಪ!"

ಆಗಲೇ ಮಾಯಾ ತಾಯಿಯನ್ನು ನೆನೆದು, "ಮೋರ್! ಮೋರ್!" ಎಂದು ಅಳು ತೆಗೆದಳು.

"ಇನ್ನೂ ಬೇಕಂತೆ ಕಣ್ರೀ, ಪಾಪ ಹಸ್ಕೊಂಡದೆ!" ಎಂದು ಭವ್ಯಶ್ರೀ ಇನ್ನೊಂದು ಬಿಸ್ಕತ್ತು ತುರುಕಿದರು.

"ಮೋರ್ ಅಂದ್ರೆ ಅಮ್ಮ ಕಣ್ರೀ!"

"ಹಂಗಾದ್ರೆ ಬಿಸ್ಕತ್ತಿಗೆ ಏನಂತಾರೆ, ಅಜ್ಜಿ ಅಂತಲಾ?" ಎಂದು ಗುಂಪಿನಲ್ಲೊಬ್ಬರು ಕೇಳಿದರು. ಎಲ್ಲರೂ ಗೊಳ್ಳೆಂದರು. ಮೆಟ್ಟೆಗೆ ಏಳು ಸಲ ಕರೆ ಮಾಡಿದೆ. ಶಿಬಿರದಲ್ಲಿ ಫೋನ್ ಮೂಕ. ಅನುಪಮಾ ಮಕ್ಕಳನ್ನು ಠಾಣೆಗೆ ಒಯ್ಯಲು ಆಟೋ ಕರೆಯಲು ಕೈಯೆತ್ತಿದರು. ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಕೈಯೆತ್ತಿದ್ದಕ್ಕೆ ಒಂದು ಆಟೋ ಬಂದು ನಿಂತಿತು ಕೂಡ. ಅದರಿಂದ ಇಳಿದವರು ಅವರೆಕಾಯಿ ಚೀಲದೊಂದಿಗೆ ನಮ್ಮಮ್ಮ! ಕಂಡದ್ದೇ ಮಕ್ಕಳು "ಅಜ್ಜೀ!" ಎಂದು ಅಚ್ಚ ಕನ್ನಡದಲ್ಲಿ ಚೀರಿ ಅವರ ಕೊರಳಿಗೆ ಜೋತುಬಿದ್ದವು. ಈ ಭಾಷೆ ಇಷ್ಟು ಹೊತ್ತು ಎಲ್ಲಿತ್ತೋ!

"ಮಕ್ಕಳು ನಿಮ್ದಾ ಅಮ್ಮ?" ಅನುಪಮಾ ಕೇಳಿದರು.

"ನನ್ ಮೊಮ್ಮಕ್ಳು ಕಣಮ್ಮ. ಬೀದಿಗ್ಯಾರು ತಂದ್ ಬುಟ್ಟೋರು?"

ಇಪ್ಪತ್ತು ಬೆರಳುಗಳು ನನ್ನ ಕಡೆ ತಿರುಗಿದವು.

"ಇವ್ರು ಅವುಗಳ ಅಪ್ಪನಂತೆ. ಹೌದಾ?"

ಅಮ್ಮ ನನ್ನನ್ನು ಬರಿಗಾಲಿನಿಂದ ಬೋಳು ನೆತ್ತಿಯವರೆಗೆ ಅಳೆದರು. "ಇವ್ನ್ ವಿಚಾರ ನಂಗೊತ್ತಿಲ್ಲ ಕಣಮ್ಮ. ಸೊಸೆ ಬರ್ಲಿ. ಅವ್ಳು ನಮ್ಮೋನು ಅಂದ್ರೆ ಒಳಕ್ ಬುಟ್ಕೋತೀವಿ." ಮಕ್ಕಳೊಂದಿಗೆ ಒಳಗೆ ಹೋದವರು ಗೇಟು ಹಾಕಿ ಚಿಲಕವನ್ನೂ ಎಳೆದರು!

ಅನುಪಮಾ ನಗು ತಡೆಯುತ್ತ ನೋಟ್‌ಬುಕ್ ಮಡಚಿದರು. ಆದರೂ ಹೋಗಲಿಲ್ಲ. ಬೀದಿಯೂ ಕದಲಲಿಲ್ಲ. ಅರ್ಧ ಗಂಟೆ ಮರಕ್ಕೊರಗಿ ನಿಂತೆ. ಕೊನೆಗೆ ಮೆಟ್ಟೆ ಬೀದಿಯ ತಿರುವಿನಲ್ಲಿ ಕಾಣಿಸಿದಳು. ಅತ್ತೆ ಆಗಲೇ ಫೋನಿನಲ್ಲಿ ಎಲ್ಲ ವರದಿ ಒಪ್ಪಿಸಿದ್ದರೆಂದು ಅವಳ ನಡಿಗೆಯೇ ಹೇಳುತ್ತಿತ್ತು.

"ಮೇಡಂ, ಇವ್ರು ನಿಮ್ಮ ಯಜಮಾನ್ರಾ?" ಅನುಪಮಾ ಕೇಳಿದರು.

ಮೆಟ್ಟೆ ನನ್ನನ್ನು ಎಡದಿಂದ ನೋಡಿದಳು. ಬಲದಿಂದ ನೋಡಿದಳು. ಎಂಟು ವರ್ಷ ಅತ್ತೆಯ ಬಾಯಲ್ಲಿ ಕಲಿತ ಕನ್ನಡದಲ್ಲಿ, ಒಂದಕ್ಷರವೂ ತೊದಲದೆ ಹೇಳಿದಳು:

"ಎಲ್ಲೋ ನೋಡ್ದಂಗದೆ ಕಣಮ್ಮ!"